ಮೂವತ್ತರ ವಯಸ್ಸಿನಲ್ಲಿ ಧರ್ಮದ ಓನಾಮ: ಆಚರಣೆಗೆ ಮರಳುವ ಯಹೂದಿಗಳ ಕಲಿಕೆಯ ಹಾದಿ

ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚಿತವಾಗಿ ಮನೆಯಲ್ಲಿ ದೀಪ ಹಚ್ಚಲಾಗುತ್ತದೆ. ಅಲ್ಲಿಂದ ಮುಂದೆ, ಶನಿವಾರ ಇರುಳು ಬಾನಿನಲ್ಲಿ ಮೂರು ನಕ್ಷತ್ರಗಳು ಮೂಡುವ ತನಕ ಒಲೆ ಹೊತ್ತಿಸುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ, ಕಾರು ಓಡಿಸುವಂತಿಲ್ಲ, ದೂರವಾಣಿ ಎತ್ತುವಂತಿಲ್ಲ, ಒಂದಕ್ಷರ ಬರೆಯುವಂತೆಯೂ ಇಲ್ಲ. ಇದು ಸಂಪ್ರದಾಯಸ್ಥ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಈ ನಿಯಮಗಳನ್ನು ಯಾರೂ ಕೂರಿಸಿಕೊಂಡು ಪಾಠ ಹೇಳುವುದಿಲ್ಲ. ತಾಯಿಯ ಕೈ ನೋಡಿ, ತಂದೆಯ ಹಿಂದೆ ನಡೆದು ಅದು ತಾನಾಗಿಯೇ ಕಲಿಯುತ್ತದೆ.

ಆದರೆ ಶಬ್ಬಾತ್ ಎಂಬುದನ್ನೇ ಕಾಣದ ಮನೆಯಲ್ಲಿ ಬೆಳೆದು, ಓದಿ, ಉದ್ಯೋಗ ಹಿಡಿದು, ಮೂವತ್ತೋ ನಲವತ್ತೋ ವಯಸ್ಸಿನಲ್ಲಿ ಇದೆಲ್ಲವನ್ನೂ ಪಾಲಿಸಬೇಕೆಂದು ಹೊರಡುವವರೂ ಇದ್ದಾರೆ. ಅಮೆರಿಕ, ಇಸ್ರೇಲ್, ಬ್ರಿಟನ್ ಹಾಗೂ ಹಿಂದಿನ ಸೋವಿಯತ್ ದೇಶಗಳಲ್ಲಿ ಕಳೆದ ಆರು ದಶಕಗಳಿಂದ ಇಂಥವರ ಒಂದು ಧಾರೆಯೇ ಹರಿದುಬಂದಿದೆ. ಅವರ ಮೊದಲ ತೊಡಕು ದೇವರನ್ನು ನಂಬುವುದಲ್ಲ. ಮಗುವೊಂದು ಉಸಿರಾಟದಷ್ಟೇ ಸಲೀಸಾಗಿ ಮೈಗೂಡಿಸಿಕೊಳ್ಳುವ ಸಂಗತಿಗಳನ್ನು ವಯಸ್ಕನೊಬ್ಬ ಎಲ್ಲಿ, ಯಾರಿಂದ, ಯಾವ ಕ್ರಮದಲ್ಲಿ ಕಲಿಯಬೇಕು ಎಂಬುದು.

ಬಿಟ್ಟು ಹೋಗದೆಯೂ ಮರಳುವವರು

ಹೀಬ್ರೂ ಭಾಷೆಯಲ್ಲಿ ಇಂಥವರನ್ನು 'ಬಾಲ್ ತೆಶುವಾ' ಎನ್ನುತ್ತಾರೆ. ಮಹಿಳೆಯಾದರೆ 'ಬಾಲತ್ ತೆಶುವಾ'. 'ತೆಶುವಾ' ಎಂದರೆ ಮರಳುವಿಕೆ. ಅದೇ ಪದಕ್ಕೆ 'ಉತ್ತರ' ಎಂಬ ಅರ್ಥವೂ ಉಂಟು. 12ನೇ ಶತಮಾನದ ವಿದ್ವಾಂಸ ಮೈಮೊನಿಡೀಸ್ ತಮ್ಮ ಧರ್ಮಸಂಹಿತೆಯಲ್ಲಿ ತೆಶುವಾಕ್ಕೆಂದೇ ಪ್ರತ್ಯೇಕ ಭಾಗವನ್ನು ಮೀಸಲಿಟ್ಟಿದ್ದಾರೆ. ಅವರ ಕಾಲಕ್ಕೆ ಅದು ತಿಳಿದೂ ತಪ್ಪು ಮಾಡಿ ಪಶ್ಚಾತ್ತಾಪಪಟ್ಟವನಿಗೆ ಸಲ್ಲುವ ಮಾತಾಗಿತ್ತು. ಇಂದಿನ ಬಾಲ್ ತೆಶುವಾ ಹಾಗಲ್ಲ. ಆಚರಣೆಯನ್ನು ಬಿಟ್ಟವನು ಅವನಲ್ಲ, ಅವನ ಅಜ್ಜನೋ ಮುತ್ತಜ್ಜನೋ! ತಾನೆಂದೂ ಇರದಿದ್ದ ಊರಿಗೆ ಅವನು 'ಮರಳುತ್ತಿದ್ದಾನೆ'.

ಇಂಥವರನ್ನು ಧರ್ಮ ಹೇಗೆ ನೋಡಬೇಕು ಎಂಬ ಪ್ರಶ್ನೆಗೆ ಶಾಸ್ತ್ರಕಾರರು ತಾಲ್ಮುಡ್ ಗ್ರಂಥದ ಒಂದು ಹಳೆಯ ಪರಿಕಲ್ಪನೆಯನ್ನು ಆಶ್ರಯಿಸುತ್ತಾರೆ. ಎಳವೆಯಲ್ಲೇ ಸೆರೆಹೋಗಿ ಅನ್ಯರ ನಡುವೆ ಬೆಳೆದ ಮಗು ಎಂಬುದೇ ಆ ಪರಿಕಲ್ಪನೆ. ಅಂಥ ಮಗು ನಿಯಮ ಮುರಿದರೆ ಅದನ್ನು ಬೇಕೆಂದೇ ಮಾಡಿದ ಅಪರಾಧವೆಂದು ಎಣಿಸಲಾಗದು, ಏಕೆಂದರೆ ನಿಯಮವೊಂದಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಆಧುನಿಕ ಕಾಲದ ಅನೇಕ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಆಚರಣೆಯಿಲ್ಲದ ಮನೆಯಲ್ಲಿ ಬೆಳೆದವರಿಗೂ ಇದೇ ಮಾತನ್ನು ಅನ್ವಯಿಸಿದ್ದಾರೆ. ಮರಳಿ ಬಂದವನಿಗೆ ಅವನ ಹಿಂದಿನ ನಡತೆಯನ್ನು ನೆನಪಿಸಿ ಚುಚ್ಚಕೂಡದೆಂದು ಪ್ರಾಚೀನ ಮಿಷ್ನಾ ಸಂಕಲನವೇ ವಿಧಿಸಿದೆ. ಶಾಸ್ತ್ರದಲ್ಲಿ ಹೀಗಿದ್ದರೂ ಬೀದಿಯಲ್ಲಿ ಹುಟ್ಟು ಸಂಪ್ರದಾಯಸ್ಥರು ಮತ್ತು ಹೊಸಬರು ಎಂಬ ಗೆರೆ ಇಂದಿಗೂ ಅಳಿಸಿಲ್ಲ, ಮುಖ್ಯವಾಗಿ ಮದುವೆಯ ಮಾತುಕತೆ ಬಂದಾಗ.

ಈ ಧಾರೆಗೆ ವೇಗ ಬಂದದ್ದು 1960 ಮತ್ತು 70ರ ದಶಕಗಳಲ್ಲಿ. ಅಮೆರಿಕದ ಯುವಜನರು ತಂದೆತಾಯಿಯರ ಅನುಕೂಲಸ್ಥ ಬದುಕನ್ನು ಪ್ರಶ್ನಿಸಿ ಬೇರೇನನ್ನೋ ಅರಸುತ್ತಿದ್ದ ಕಾಲ ಅದು. 1967ರ ಆರು ದಿನಗಳ ಯುದ್ಧದ ನಂತರ ಜೆರುಸಲೇಮಿನ ಹಳೆಯ ನಗರ ಇಸ್ರೇಲ್ ವಶಕ್ಕೆ ಬಂದದ್ದು ಅನೇಕರಲ್ಲಿ ಹೊಸ ಕುತೂಹಲ ಕೆರಳಿಸಿತು. ನ್ಯೂಯಾರ್ಕ್‌ನ ಕ್ರೌನ್ ಹೈಟ್ಸ್‌ನಲ್ಲಿ ಖಬಾದ್ ಪಂಥದವರು 1962ರಲ್ಲೇ 'ಹದಾರ್ ಹಟೋರಾ' ಎಂಬ ಪಾಠಶಾಲೆಯನ್ನು ಇಂಥವರಿಗಾಗಿ ತೆರೆದಿದ್ದರು. 1970ರ ಸುಮಾರಿಗೆ ಜೆರುಸಲೇಮಿನಲ್ಲಿ ಪುರುಷರಿಗಾಗಿ 'ಓರ್ ಸೊಮೇಯಖ್', ಮಹಿಳೆಯರಿಗಾಗಿ 'ನೆವೆ ಯೆರುಶಲಾಯಿಮ್' ಆರಂಭವಾದವು. 1974ರಲ್ಲಿ ರಬ್ಬಿ ನೋವಾ ವೈನ್‌ಬರ್ಗ್ 'ಏಶ್ ಹಟೋರಾ' ಸ್ಥಾಪಿಸಿದರು. ಇಸ್ರೇಲಿನ ಜನಪ್ರಿಯ ಹಾಸ್ಯನಟ, ಚಲನಚಿತ್ರ ನಿರ್ದೇಶಕ ಊರಿ ಜೋಹರ್ 1970ರ ದಶಕದ ಕೊನೆಯಲ್ಲಿ ತೆರೆಯ ಬದುಕಿಗೆ ಬೆನ್ನು ತಿರುಗಿಸಿ ಕಟ್ಟಾ ಸಂಪ್ರದಾಯಸ್ಥರಾದಾಗ ಇಡೀ ದೇಶ ಬೆರಗಾಗಿ ನೋಡಿತ್ತು. ಅತ್ತ ಸೋವಿಯತ್ ಒಕ್ಕೂಟದಲ್ಲಿ ಹೀಬ್ರೂ ಕಲಿಯುವುದೇ ಅಪಾಯಕಾರಿಯಾಗಿದ್ದ ದಿನಗಳಲ್ಲಿ, ಮಾಸ್ಕೋದ ಮನೆಗಳಲ್ಲಿ ಗುಟ್ಟಾಗಿ ತರಗತಿಗಳು ನಡೆಯುತ್ತಿದ್ದವು.

ಪ್ಯೂ ಸಂಶೋಧನಾ ಕೇಂದ್ರವು 2013ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅಮೆರಿಕದ ಸಂಪ್ರದಾಯಸ್ಥ ಯಹೂದಿ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರು ಹಾಗಲ್ಲದ ಮನೆಗಳಲ್ಲಿ ಬೆಳೆದವರು. ಒಟ್ಟು ಯಹೂದಿ ವಯಸ್ಕರಲ್ಲಿ ಸಂಪ್ರದಾಯಸ್ಥರ ಪಾಲು 2020ರಲ್ಲಿ ಕೇವಲ ಶೇ. 9. ಅಂದರೆ ಇದು ಸಣ್ಣ ಸಮುದಾಯ, ಆದರೆ ಅದರೊಳಗೆ ಹೊಸಬರ ಪಾಲು ಸಣ್ಣದಲ್ಲ.

ಬಡಿಸಿಟ್ಟ ಮೇಜು, ಉಣ್ಣುವ ಬಗೆ ತಿಳಿಯದ ಅತಿಥಿ

ಯಹೂದಿ ಧರ್ಮದಲ್ಲಿ 613 ವಿಧಿಗಳಿವೆ ಎಂಬುದು ಸಾಂಪ್ರದಾಯಿಕ ಎಣಿಕೆ. ನಿತ್ಯಜೀವನದ ನಿಯಮಗಳ ಪ್ರಮಾಣಗ್ರಂಥ ರಬ್ಬಿ ಯೋಸೆಫ್ ಕಾರೊ ಅವರ 'ಶುಲ್ಖಾನ್ ಆರೂಖ್', 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಹೆಸರಿನ ಅರ್ಥ 'ಅಣಿಗೊಳಿಸಿದ ಮೇಜು'. ಜನಸಾಮಾನ್ಯರಿಗೆಂದು ಹಂಗೇರಿಯ ರಬ್ಬಿ ಶ್ಲೋಮೊ ಗಾಂಜ್‌ಫ್ರೀಡ್ 1864ರಲ್ಲಿ ಅದರ ಸಂಕ್ಷೇಪವನ್ನು ಹೊರತಂದರು. ಆದರೆ ಇವೆರಡೂ ಒಂದು ಸಂಗತಿಯನ್ನು ಹಿಡಿದುಕೊಂಡೇ ಹೊರಡುತ್ತವೆ: ಓದುಗ ಅದಾಗಲೇ ಆ ಬದುಕಿನೊಳಗೆ ಇದ್ದಾನೆ, ಅವನಿಗೆ ಬೇಕಿರುವುದು ಸಂದೇಹ ನಿವಾರಣೆ ಮಾತ್ರ. ಅಕ್ಷರವೇ ಬಾರದವನ ಕೈಗೆ ವ್ಯಾಕರಣ ಗ್ರಂಥ ಕೊಟ್ಟಂತೆ.

ಪ್ರಾರ್ಥನೆಯನ್ನೇ ನೋಡಿ. ಪುಸ್ತಕ ತೆರೆದುಕೊಳ್ಳುವುದು ಇಂಗ್ಲಿಷ್ ಓದುಗರು ಹಿಂಬದಿ ಎಂದುಕೊಳ್ಳುವ ಕಡೆಯಿಂದ. ಸಾಲು ಸಾಗುವುದು ಬಲದಿಂದ ಎಡಕ್ಕೆ. ಒಂದೆಡೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಮೂರು ಹೆಜ್ಜೆ ಹಿಂದೆ ಹೋಗಿ ಮೂರು ಹೆಜ್ಜೆ ಮುಂದೆ ಬಂದು ಪಾದ ಜೋಡಿಸುತ್ತಾರೆ, ಆಮೇಲೆ ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಾರೆ. ಪುಟ ಎಷ್ಟೆಂದು ಪಕ್ಕದವರನ್ನು ಕೇಳಲು ಹೊಸಬನಿಗೆ ಸಂಕೋಚ, ಏಕೆಂದರೆ ಮಾತಾಡಬಹುದೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಈ ಕಷ್ಟವನ್ನು ಅರಿತು ರಬ್ಬಿ ಎಫ್ರೈಮ್ ಬುಕ್‌ವಾಲ್ಡ್ 1975ರಲ್ಲಿ ನ್ಯೂಯಾರ್ಕ್‌ನ ಲಿಂಕನ್ ಸ್ಕ್ವೇರ್ ಸಿನಗಾಗ್‌ನಲ್ಲಿ ಹೊಸಬರಿಗೆಂದೇ ಪ್ರತ್ಯೇಕ ಪ್ರಾರ್ಥನೆ ಆರಂಭಿಸಿದರು. ಮಧ್ಯೆ ಮಧ್ಯೆ ನಿಲ್ಲಿಸಿ ವಿವರಿಸುವುದು, ಪ್ರಶ್ನೆ ಕೇಳಲು ಬಿಡುವುದು ಅದರ ಕ್ರಮ. ಆರ್ಟ್‌ಸ್ಕ್ರೋಲ್ ಪ್ರಕಾಶನ ಸಂಸ್ಥೆ 1984ರಲ್ಲಿ ಹೊರತಂದ ಪ್ರಾರ್ಥನಾ ಪುಸ್ತಕ ಇನ್ನೊಂದು ದೊಡ್ಡ ನೆರವಾಯಿತು. ಹೀಬ್ರೂ ಮೂಲದ ಎದುರಿಗೇ ಇಂಗ್ಲಿಷ್ ಅನುವಾದವಿದ್ದು, ಎಲ್ಲಿ ನಿಲ್ಲಬೇಕು, ಎಲ್ಲಿ ಬಾಗಬೇಕು, ಯಾವುದಕ್ಕೆ ದನಿಗೂಡಿಸಬೇಕು ಎಂಬ ಸೂಚನೆಗಳು ಅದರಲ್ಲೇ ಇದ್ದವು. ವಿದ್ವಾಂಸರು ಕೆಲವರು ಮೂಗು ಮುರಿದರೂ ಹೊಸಬರು ಮಾತ್ರ ಅದನ್ನು ಬಿಗಿಯಾಗಿ ಹಿಡಿದುಕೊಂಡರು.

ಅನೇಕರಿಗೆ ಸಿನಗಾಗ್‌ನ ಬಾಗಿಲು ತೆರೆಯುವುದು ಸಾವಿನ ಮನೆಯಿಂದ ಎಂಬುದನ್ನೂ ಇಲ್ಲಿ ಹೇಳಬೇಕು. ತಂದೆಯೋ ತಾಯಿಯೋ ತೀರಿಕೊಂಡರೆ ಮಗ 11 ತಿಂಗಳು ಪ್ರತಿದಿನ 'ಕದ್ದಿಶ್' ಎಂಬ ಪ್ರಾರ್ಥನೆ ಹೇಳುವುದು ವಾಡಿಕೆ. ಅದನ್ನು ಒಂಟಿಯಾಗಿ ಹೇಳುವಂತಿಲ್ಲ, ಹತ್ತು ಮಂದಿ ವಯಸ್ಕ ಪುರುಷರು ಸೇರಿರಬೇಕು. ಅದರ ಭಾಷೆ ಹೀಬ್ರೂ ಕೂಡ ಅಲ್ಲ, ಬಹುತೇಕ ಅರಾಮಿಕ್. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಚೀಟಿ ಹಿಡಿದು ತಡವರಿಸುತ್ತಾ ಆರಂಭಿಸಿದವನು ಹನ್ನೊಂದು ತಿಂಗಳ ನಂತರ ಪ್ರಾರ್ಥನೆಯ ಧಾಟಿಯನ್ನು ಕಲಿತೇಬಿಟ್ಟಿರುತ್ತಾನೆ. ಯೋಜನೆ ಹಾಕಿ ರೂಪಿಸಿದ ಯಾವ ಪಠ್ಯಕ್ರಮವೂ ಇಷ್ಟು ಪರಿಣಾಮಕಾರಿಯಾಗಿರಲಾರದು.

ಅಡುಗೆಮನೆಯೇ ಪಾಠಶಾಲೆ

ನಿಜವಾದ ಪರೀಕ್ಷೆ ಇರುವುದು ಮನೆಯೊಳಗೆ. ಹಂದಿಮಾಂಸ, ಸಿಗಡಿ, ಏಡಿ ನಿಷಿದ್ಧ ಎಂಬುದು ಎಲ್ಲರಿಗೂ ಗೊತ್ತು, ಬಿಡುವುದೂ ಸುಲಭ. ಕಷ್ಟವಿರುವುದು ಮಾಂಸ ಮತ್ತು ಹಾಲನ್ನು ಬೇರ್ಪಡಿಸುವುದರಲ್ಲಿ. ಎರಡನ್ನೂ ಒಟ್ಟಿಗೆ ಬೇಯಿಸುವಂತಿಲ್ಲ, ಒಂದೇ ಊಟದಲ್ಲಿ ತಿನ್ನುವಂತಿಲ್ಲ. ಪಾತ್ರೆ, ತಟ್ಟೆ, ಚಮಚ, ತೊಳೆಯುವ ಸ್ಪಂಜು ಎಲ್ಲವೂ ಎರಡೆರಡು ಬಗೆ. ಮಾಂಸ ತಿಂದ ಮೇಲೆ ಹಾಲು ಕುಡಿಯಲು ಹೆಚ್ಚಿನವರು ಆರು ಗಂಟೆ ಕಾಯುತ್ತಾರೆ, ಜರ್ಮನ್ ಮೂಲದವರು ಮೂರು ಗಂಟೆ, ಡಚ್ ಮೂಲದವರು ಒಂದೇ ಗಂಟೆ. ಮಡಿ-ಮುಸುರೆಯ ಅಡುಗೆಮನೆ ಕಂಡಿರುವ ಕನ್ನಡ ಓದುಗರಿಗೆ, ಇಂಥದನ್ನು ಪುಸ್ತಕ ಓದಿ ಕಲಿಯುವುದು ಎಂಥ ಪಾಡೆಂದು ವಿವರಿಸಬೇಕಾಗಿಲ್ಲ.

ಈವರೆಗೆ ಬಳಸಿದ ಪಾತ್ರೆಗಳ ಗತಿಯೇನು? ಸ್ಟೀಲಿನ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಶುದ್ಧಗೊಳಿಸಬಹುದು. ನೇರ ಬೆಂಕಿಯಲ್ಲಿ ಬಳಸಿದ ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಬೇಕು. ಮಣ್ಣಿನ ಪಾತ್ರೆ, ಪಿಂಗಾಣಿ ತಟ್ಟೆಗಳಿಗೆ ಸಾಮಾನ್ಯವಾಗಿ ಈ ಪರಿಹಾರವಿಲ್ಲ. ಅಜ್ಜಿಯ ಕಾಲದ ಪಿಂಗಾಣಿ ಸೆಟ್ಟು ಇಂಥ ಹೊತ್ತಿನಲ್ಲಿ ಮನೆಯಲ್ಲಿ ಕಣ್ಣೀರಿಗೆ ಕಾರಣವಾಗುವುದುಂಟು. ಬಹುಕಾಲ ಬಳಸದೆ ಇಟ್ಟಿದ್ದರೆ ಏನಾದರೂ ದಾರಿಯುಂಟೇ ಎಂದು ರಬ್ಬಿಯ ಬಳಿ ಹೋಗುವವರೂ ಇದ್ದಾರೆ. ಇನ್ನು ಅಂಗಡಿಯಿಂದ ತಂದ ಹೊಸ ಲೋಹ ಮತ್ತು ಗಾಜಿನ ಪಾತ್ರೆಗಳನ್ನೂ ಬಳಸುವ ಮೊದಲು 'ಮಿಕ್ವೆ' ಎಂಬ ವಿಧಿವತ್ತಾದ ಕೊಳದಲ್ಲಿ ಅದ್ದಿ ತೆಗೆಯಬೇಕು.

ಶಬ್ಬಾತ್‌ನಲ್ಲಿ ನಿಷಿದ್ಧವಾದ 39 ಬಗೆಯ ಕೆಲಸಗಳನ್ನು ಮಿಷ್ನಾ ಪಟ್ಟಿ ಮಾಡುತ್ತದೆ. ಉಳುವುದು, ಬಿತ್ತುವುದು, ನೇಯುವುದು ಎಂದು ಸಾಗುವ ಈ ಪಟ್ಟಿಯನ್ನು ಓದಿದ ನಗರವಾಸಿಗೆ ತನಗೂ ಇದಕ್ಕೂ ಏನು ಸಂಬಂಧ ಎನಿಸಬಹುದು. ಆದರೆ 'ಆರಿಸುವುದು' ಎಂಬ ಒಂದೇ ಕೆಲಸವನ್ನು ತೆಗೆದುಕೊಂಡರೂ ಸಾಕು, ದಿನಕ್ಕೆ ಹತ್ತು ಬಾರಿ ಅದು ಎದುರಾಗುತ್ತದೆ. ಅಕ್ಕಿಯಿಂದ ಕಲ್ಲು ಹೆಕ್ಕುವಂತಿಲ್ಲ. ಬೆರೆತಿರುವುದರಲ್ಲಿ ತಿನ್ನುವುದನ್ನು ಕೈಯಿಂದ, ಆಗಲೇ ತಿನ್ನಲೆಂದು ಎತ್ತಿಕೊಳ್ಳಬಹುದು. ಬೇಡದ್ದನ್ನು ಎತ್ತಿ ಹಾಕುವಂತಿಲ್ಲ. ಮೀನಿನ ಮುಳ್ಳು ತೆಗೆಯುವುದು ಹೇಗೆ ಎಂಬುದು ಈ ಕಾರಣಕ್ಕಾಗಿಯೇ ದೊಡ್ಡ ಚರ್ಚೆ. ಚಹಾ ಮಾಡುವುದು ಕೂಡ ಶಾಸ್ತ್ರಸಮಸ್ಯೆಯೇ. ಮೊದಲೇ ಕಾಯಿಸಿಟ್ಟ ಪಾತ್ರೆಯಿಂದ ಬಿಸಿನೀರನ್ನು ಒಂದು ಲೋಟಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬಗ್ಗಿಸಿ, ಆಮೇಲೆ ಚಹಾ ಸೇರಿಸುತ್ತಾರೆ. ಶುಕ್ರವಾರವೇ ಡಿಕಾಕ್ಷನ್ ಇಳಿಸಿಟ್ಟುಕೊಳ್ಳುವ ಮನೆಗಳೂ ಇವೆ. ಫ್ರಿಜ್ ಬಾಗಿಲು ತೆರೆದರೆ ಬಲ್ಬು ಹೊತ್ತಿಕೊಳ್ಳುವುದರಿಂದ ಅದನ್ನು ಮೊದಲೇ ಸಡಿಲಿಸಿಡಬೇಕು. ಹರಿಯುವುದೂ ನಿಷಿದ್ಧವಾದ್ದರಿಂದ ಶೌಚಾಲಯದ ಕಾಗದವನ್ನು ಕೂಡ ಮೊದಲೇ ಕತ್ತರಿಸಿಡಬೇಕು. ಗಂಭೀರ ಗ್ರಂಥಗಳು ಇಂಥವನ್ನು ಮೊದಲ ಪುಟದಲ್ಲಿ ಹೇಳುವುದಿಲ್ಲ, ಆದರೆ ಹೊಸಬನಿಗೆ ಮೊದಲ ಶನಿವಾರವೇ ಬೇಕಾಗುವುದು ಇವೇ.

ಆದ್ದರಿಂದಲೇ ಅನುಭವಿಗಳಾದ ಬೋಧಕರು ಪುಸ್ತಕಕ್ಕಿಂತ ಮೊದಲು ಒಂದು ಮನೆಯನ್ನು ತೋರಿಸುತ್ತಾರೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಸಂಪ್ರದಾಯಸ್ಥ ಕುಟುಂಬವೊಂದರಲ್ಲಿ ಅತಿಥಿಯಾಗಿ ಉಳಿಯುವುದು ಈ ಕಲಿಕೆಯ ಅತಿ ಮುಖ್ಯ ಸಾಧನ. ಹೀಗೆ ಅತಿಥಿಗಳನ್ನು ಕರೆಸಿಕೊಳ್ಳುವುದನ್ನೇ ಕರ್ತವ್ಯವೆಂದು ಭಾವಿಸುವ ಕುಟುಂಬಗಳು ಜೆರುಸಲೇಮಿನಲ್ಲೂ ನ್ಯೂಯಾರ್ಕಿನಲ್ಲೂ ಇವೆ. ದೂರದ ಊರುಗಳಲ್ಲಿ ಇರುವವರಿಗೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಜೊತೆಗೂಡಿ ಓದುವ ಸಂಗಾತಿಯನ್ನು ಗೊತ್ತುಮಾಡಿಕೊಡುವ 'ಪಾರ್ಟ್‌ನರ್ಸ್ ಇನ್ ಟೋರಾ'ದಂಥ ವ್ಯವಸ್ಥೆಯೂ ಬೆಳೆದಿದೆ.

ಯಾರ ಪದ್ಧತಿ? ಯಾರ ಮಗ?

ನಿಯಮ ಕಲಿತರೂ ಮುಗಿಯುವುದಿಲ್ಲ. ಯೂರೋಪಿನ ಅಶ್ಕೆನಾಜಿ ಯಹೂದಿಗಳು ಪಸ್ಕ ಹಬ್ಬದ ದಿನಗಳಲ್ಲಿ ಅಕ್ಕಿ, ಬೇಳೆಕಾಳು ತಿನ್ನುವುದಿಲ್ಲ. ಸ್ಪೇನ್ ಮೂಲದ ಸೆಫಾರ್ದಿಗಳ ಅನೇಕ ಮನೆಗಳಲ್ಲಿ ಅದೇ ಹಬ್ಬದಂದು ಅನ್ನ ಬೇಯುತ್ತದೆ. ಹಾಗಾದರೆ ಯಾವ ಪದ್ಧತಿಯೂ ಇಲ್ಲದ ಮನೆಯಿಂದ ಬಂದವನು ಯಾವುದನ್ನು ಹಿಡಿಯಬೇಕು? ಪೂರ್ವಿಕರ ಪದ್ಧತಿ ಗೊತ್ತಿದ್ದರೆ ಅದನ್ನೇ ಹಿಡಿಯಲಿ ಎನ್ನುವ ರಬ್ಬಿಗಳು ಬಹಳ. ಗೊತ್ತಿಲ್ಲದಿದ್ದರೆ ತನಗೆ ಕಲಿಸುವವರ, ತಾನು ನೆಲೆಸಿರುವ ಸಮುದಾಯದ ಪದ್ಧತಿ. ಹೀಗಾಗಿ ವಂಶದ ಬೇರುಗಳ ಹುಡುಕಾಟ ಆರಂಭವಾಗುತ್ತದೆ. ಟೋರಾ ವಾಚನಕ್ಕೆ ಕರೆಯುವಾಗ ಇಂಥವರ ಮಗ ಇಂಥವನೆಂದು ಹೀಬ್ರೂ ಹೆಸರಿನಿಂದಲೇ ಕರೆಯಬೇಕು. ತಂದೆಯ ಹೀಬ್ರೂ ಹೆಸರೇ ತಿಳಿಯದವನು ಅದನ್ನು ಅಜ್ಜನ ಸಮಾಧಿಯ ಕಲ್ಲಿನ ಮೇಲೆ, ಹಳೆಯ ವಿವಾಹಪತ್ರದಲ್ಲಿ ಹುಡುಕುತ್ತಾನೆ.

ಈ ಹುಡುಕಾಟ ಕೆಲವೊಮ್ಮೆ ಅನಿರೀಕ್ಷಿತ ತಿರುವು ಪಡೆಯುವುದುಂಟು. ಸಂಪ್ರದಾಯದ ಪ್ರಕಾರ ಯಹೂದಿತನ ಬರುವುದು ತಾಯಿಯಿಂದ. ತಾಯಿಯ ತಾಯಿ ಯಹೂದಿಯಲ್ಲ, ಅಥವಾ ಸಂಪ್ರದಾಯಸ್ಥರು ಮಾನ್ಯ ಮಾಡದ ವಿಧದಲ್ಲಿ ಮತಾಂತರಗೊಂಡವಳು ಎಂದು ತಿಳಿದರೆ, ಜೀವನವಿಡೀ ತನ್ನನ್ನು ಯಹೂದಿ ಎಂದುಕೊಂಡಿದ್ದವನು ಹೊರಗಿನವನಾಗಿಬಿಡುತ್ತಾನೆ. ಆಗ ಧರ್ಮ ನ್ಯಾಯಮಂಡಳಿಯ ಮುಂದೆ ವಿಧಿವತ್ತಾದ ಮತಾಂತರವೇ ದಾರಿ. ಈ ಸಂಗತಿಯನ್ನು ಆರಂಭದಲ್ಲೇ ವಿಚಾರಿಸಿಕೊಳ್ಳದೆ ಮದುವೆಯ ದಿನ ಗೊತ್ತಾದ ಮೇಲೆ ಕೆದಕುವುದು ನಿಜಕ್ಕೂ ಕ್ರೂರ. ಇದಕ್ಕೆ ವ್ಯತಿರಿಕ್ತವಾಗಿ ಸುಳ್ಳು ಭಯಗಳೂ ಹರಡಿವೆ. ಹಚ್ಚೆ ಹಾಕಿಸಿಕೊಂಡವರನ್ನು ಯಹೂದಿ ಸ್ಮಶಾನದಲ್ಲಿ ಹೂಳುವುದಿಲ್ಲವೆಂಬ ಮಾತು ಅವುಗಳಲ್ಲೊಂದು. ಹಚ್ಚೆ ನಿಷಿದ್ಧವೆಂಬುದು ನಿಜ, ಸಂಸ್ಕಾರ ನಿರಾಕರಿಸಬೇಕೆಂಬ ನಿಯಮವಿಲ್ಲ.

ತಾಯಿಯ ಊಟ ಒಲ್ಲೆನೆಂದಾಗ

ಇಷ್ಟೆಲ್ಲ ಕಲಿಕೆಯ ಬೆಲೆ ತೆರುವವರು ಹಲವು ಬಾರಿ ಹೆತ್ತವರು. ಮಗ ಮನೆಗೆ ಬಂದು ತಾಯಿಯ ಕೈಯಡುಗೆ ಉಣ್ಣಲಾರೆ ಎಂದಾಗ ಆಕೆಗೆ ಕೇಳಿಸುವುದು ಪಥ್ಯದ ಮಾತಲ್ಲ, ತನ್ನ ಮೇಲಿನ ತೀರ್ಪು. ತಾವು ಬೆಳೆಸಿದ್ದೇ ತಪ್ಪಾಯಿತೇ ಎಂಬ ಕೊರಗು. ತಂದೆತಾಯಿಯರನ್ನು ಗೌರವಿಸುವುದು ದಶಾಜ್ಞೆಗಳಲ್ಲೊಂದು. ಶಬ್ಬಾತ್ ಮುರಿಯೆಂದು ಅವರೇ ಹೇಳಿದರೆ ಪಾಲಿಸಬೇಕಾಗಿಲ್ಲ ಎಂದು ಶಾಸ್ತ್ರ ಹೇಳುತ್ತದಾದರೂ, ಗೌರವದ ಹೊಣೆ ಅದರಿಂದ ತಪ್ಪುವುದಿಲ್ಲ. ತಂಗಿಯ ಮದುವೆ ಶನಿವಾರ ಮಧ್ಯಾಹ್ನ ಗೊತ್ತಾದರೆ? ಆಕೆ ಯಹೂದಿಯಲ್ಲದವನನ್ನು ವರಿಸಿದರೆ? ಎರಡನೆಯ ಪ್ರಶ್ನೆಗೆ ಹೆಚ್ಚಿನ ಸಂಪ್ರದಾಯಸ್ಥ ರಬ್ಬಿಗಳ ಉತ್ತರ, ಹೋಗಕೂಡದು ಎಂಬುದು. ಇಂಥ ಉತ್ತರಗಳು ಕುಟುಂಬಗಳನ್ನು ವರ್ಷಗಟ್ಟಲೆ ಒಡೆದಿಟ್ಟಿವೆ.

ಊಟದ ವಿಷಯದಲ್ಲಾದರೂ ದಾರಿಗಳಿವೆ. ಬಿಸಾಡುವ ತಟ್ಟೆಯಲ್ಲಿ ಹೆಚ್ಚಿದ ಹಣ್ಣು, ಮುದ್ರೆಯುಳ್ಳ ಪೊಟ್ಟಣದ ತಿನಿಸು, ಎರಡು ಸುತ್ತು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಅದೇ ಓವನ್‌ನಲ್ಲಿ ಬಿಸಿಮಾಡಿದ ಊಟ. ತಾಯಿಯ ಮನೆಯಲ್ಲೇ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಬೇರೆ ಪಾತ್ರೆ ಇಟ್ಟು, ಆಕೆಯ ಕೈಯಿಂದಲೇ ಅದರಲ್ಲಿ ಅಡುಗೆ ಮಾಡಿಸುವವರಿದ್ದಾರೆ. ಯಾವುದು ಕಡ್ಡಾಯದ ನಿಯಮ, ಯಾವುದು ಹೆಚ್ಚುವರಿ ಕಟ್ಟುನಿಟ್ಟು ಎಂಬ ವ್ಯತ್ಯಾಸ ತಿಳಿದವನಿಗೆ ಮಾತ್ರ ಇಂಥ ಹೊಂದಾಣಿಕೆ ಸಾಧ್ಯ. ಹೊಸಬನಿಗೆ ಕಲಿಸುವಾಗ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ವ್ಯತ್ಯಾಸವೇ. ಅವನ ಕಣ್ಣಿಗೆ ಎಲ್ಲವೂ ಒಂದೇ ತೂಕದ ಆಜ್ಞೆಗಳು.

ಅಮೆರಿಕದ ಭಾಷಾವಿಜ್ಞಾನಿ ಸಾರಾ ಬುನಿನ್ ಬೆನೊರ್ 2012ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಹೊಸಬರು ಮಾತನ್ನೂ ಬದಲಿಸಿಕೊಳ್ಳುವುದನ್ನು ದಾಖಲಿಸಿದ್ದಾರೆ. ಇಂಗ್ಲಿಷಿನ ನಡುವೆ ಯಿಡ್ಡಿಶ್, ಹೀಬ್ರೂ ಪದಗಳನ್ನು ಹುಟ್ಟು ಸಂಪ್ರದಾಯಸ್ಥರಿಗಿಂತಲೂ ಹೆಚ್ಚಾಗಿ ಸುರಿಯುವವರು ಕೆಲವರು. ಒಮ್ಮೆ ಆ ತುದಿಗೆ ಜಿಗಿದು, ಆಮೇಲೆ ನಡುವೆಲ್ಲೋ ನೆಲೆಗೊಳ್ಳುವವರು ಹಲವರು. ಉಡುಪು, ಊಟ, ಸ್ನೇಹಗಳಲ್ಲೂ ಈ ಜಿಗಿತ ಕಾಣುತ್ತದೆ. ಆರು ತಿಂಗಳಲ್ಲಿ ಹಳೆಯ ಗೆಳೆಯರು, ಸಂಗೀತ, ಓದುತ್ತಿದ್ದ ಕೋರ್ಸು ಎಲ್ಲವನ್ನೂ ತೊರೆಯುವವರು ಎಷ್ಟು ಕಾಲ ನಿಲ್ಲುತ್ತಾರೆಂಬ ಆತಂಕ ಬಲ್ಲ ಬೋಧಕರಿಗೆ ಇದ್ದೇ ಇದೆ. ಮೊದಲು ದೀಪ ಹಚ್ಚಿ, ಶುಕ್ರವಾರದ ಊಟ ಮನೆಯಲ್ಲೇ ಆಗಲಿ, ಹಂದಿಮಾಂಸ ಬಿಡಿ, ಪಾತ್ರೆ ಬದಲಿಸುವುದು ಮುಂದಿನ ವರ್ಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಬೋಧಕರ ಕ್ರಮವೇ ಸರಿಯಾದುದು. ಸಂಖ್ಯೆ ತೋರಿಸುವ ಆತುರದಲ್ಲಿರುವ ಸಂಸ್ಥೆಗಳಿಗೆ ಮಾತ್ರ ಅಷ್ಟು ತಾಳ್ಮೆ ಇರುವುದಿಲ್ಲ. ಗಂಡಹೆಂಡಿರಲ್ಲಿ ಒಬ್ಬರು ಮಾತ್ರ ಈ ದಾರಿ ಹಿಡಿದಾಗಲಂತೂ ಆತುರ ಮನೆಯನ್ನೇ ಮುರಿಯಬಲ್ಲದು.

ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ಪ್ಯೂ ಕೇಂದ್ರದ 2020ರ ಸಮೀಕ್ಷೆಯಂತೆ ಸಂಪ್ರದಾಯಸ್ಥರಾಗಿ ಬೆಳೆದ ಅಮೆರಿಕದ ಯಹೂದಿಗಳಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿ ಹಾಗೆಯೇ ಉಳಿದಿದ್ದಾರೆ, ಉಳಿದವರು ಹೊರನಡೆದಿದ್ದಾರೆ. ಹಾಗೆ ಹೋದವರನ್ನು ಇಸ್ರೇಲಿನಲ್ಲಿ 'ಪ್ರಶ್ನೆಗೆ ಮರಳಿದವರು' ಎನ್ನುತ್ತಾರೆ. ತೆಶುವಾ ಎಂದರೆ ಉತ್ತರವೂ ಹೌದಲ್ಲ, ಅದರ ಮೇಲಿನ ಶ್ಲೇಷೆ.

ಉಳಿದುಕೊಂಡ ಹೊಸಬರ ಮುಂದೆ ಕೆಲ ವರ್ಷಗಳ ನಂತರ ಇನ್ನೊಂದು ತರಗತಿ ಕಾದಿರುತ್ತದೆ. ಅವರ ಮಕ್ಕಳು ಸಂಪ್ರದಾಯಸ್ಥ ಶಾಲೆಗೆ ಸೇರುತ್ತಾರೆ. ಹತ್ತು ಹನ್ನೊಂದರ ವಯಸ್ಸಿಗೆ ಮಗ ತಾಲ್ಮುಡ್ ಪುಟ ಹಿಡಿದು ಮನೆಪಾಠಕ್ಕೆ ತಂದೆಯ ಬಳಿ ಬರುತ್ತಾನೆ. ವಿರಾಮಚಿಹ್ನೆ, ಸ್ವರಚಿಹ್ನೆಗಳಿಲ್ಲದ ಆ ಅರಾಮಿಕ್ ಸಾಲುಗಳನ್ನು ವೈದ್ಯನೋ ವಕೀಲನೋ ಆಗಿರುವ ತಂದೆ ಓದಲಾರ. ಮಗನಿಗೆ ನಾಳೆ ಬೇಕಾದ ಪುಟವನ್ನು ಇಂದು ರಾತ್ರಿಯೇ ಕಲಿತುಕೊಳ್ಳಲು ಅವನು ಊಟ ಮುಗಿಸಿ ಮತ್ತೆ ತನ್ನ ಗುರುವಿನ ಮನೆಗೆ ಹೊರಡುತ್ತಾನೆ.